ಸುಣ್ಣಕಲ್ಲು ಕಾಪಿಟ್ಟದ್ದು

ಮೆನೋರ್ಕ ದ್ವೀಪದ ದಕ್ಷಿಣ ದಂಡೆಯಲ್ಲಿ ಕಾಲೆಸ್ ಕೋವೆಸ್ ಎಂಬ ಪುಟ್ಟ ಕೊಲ್ಲಿಯಿದೆ. ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದಲ್ಲಿ ಸ್ಪೇನಿಗೆ ಸೇರಿದ ಬಾಲಿಯಾರಿಕ್ ದ್ವೀಪಗಳಿವೆಯಲ್ಲ, ಅವುಗಳ ಪೈಕಿ ತೀರಾ ಪೂರ್ವಕ್ಕಿರುವುದು ಮೆನೋರ್ಕ. ಎರಡು ಕಣಿವೆಗಳು ಅಕ್ಕಪಕ್ಕದಲ್ಲೇ ಇಳಿದು ಬಂದು ಕಡಲು ಸೇರುವ ಜಾಗವಾದ್ದರಿಂದ ಕೊಲ್ಲಿಗೆ ಎರಡು ಕವಲು. ಬಾಯಿ ಕಿರಿದು, ಸುತ್ತಲೂ ಕಡಿದಾದ ಸುಣ್ಣಕಲ್ಲಿನ ಗೋಡೆ. ಆ ಗೋಡೆಯ ತುಂಬ ಸಣ್ಣವೂ ದೊಡ್ಡವೂ ಆದ ಕಪ್ಪು ಬಾಯಿಗಳು. ಕೆಲವು ನೆಲಕ್ಕೆ ಸಮವಾಗಿವೆ, ಕೆಲವು ಹಗ್ಗವಿಲ್ಲದೆ ಮುಟ್ಟಲಾಗದಷ್ಟು ಎತ್ತರದಲ್ಲಿವೆ. ಎಲ್ಲ ಸೇರಿ ಸುಮಾರು 90 ಗುಹೆಗಳು. ಬಹುಪಾಲು ಮನುಷ್ಯರೇ ಕೊರೆದವು, ಸತ್ತವರಿಗಾಗಿ ಕೊರೆದವು.

ದ್ವೀಪವನ್ನು ಪೂರ್ತಿ ಸುತ್ತುವ 185 ಕಿಲೊಮೀಟರಿನ ಕಾಲುದಾರಿಯೊಂದಿದೆ. ಹೆಸರು ಕಮಿ ದೆ ಕವಾಲ್ಸ್. ಹಿಂದೆ ಕುದುರೆ ಸವಾರರು ಕರಾವಳಿಯನ್ನು ಕಾಯಲು ಓಡಾಡುತ್ತಿದ್ದ ಹಾದಿಯದು. ಕಾಡು ಆಲಿವ್ ಮರಗಳ ನಡುವೆ ಆ ಹಾದಿ ಹಿಡಿದು ಕೊಲ್ಲಿಗೆ ಇಳಿದವರ ಕಣ್ಣಿಗೆ ಮೊದಲು ಬೀಳುವುದು ನೀರಿನ ತಿಳಿ. ತಳದ ಒಂದೊಂದು ಕಲ್ಲನ್ನೂ ಎಣಿಸಬಹುದು. ಮೆಡಿಟರೇನಿಯನ್ನಿನಲ್ಲಿ ಪೋಷಕಾಂಶಗಳು ಕಡಿಮೆ, ಹಾಗಾಗಿ ನೀರನ್ನು ಮಬ್ಬುಗೊಳಿಸುವ ಸೂಕ್ಷ್ಮ ಸಸ್ಯಗಳೂ ಕಡಿಮೆ. ಜೊತೆಗೆ ಈ ಕರಾವಳಿಯ ತಳದಲ್ಲಿ ಪೊಸಿಡೋನಿಯ ಎಂಬ ಕಡಲಹುಲ್ಲಿನ ಬಯಲುಗಳಿವೆ. ಇದು ಪಾಚಿಯ ಜಾತಿಯಲ್ಲ. ಬೇರು, ಎಲೆ, ಹೂವು, ಕಾಯಿ ಎಲ್ಲ ಇರುವ ಗಿಡ. ಅದರ ಎಲೆಗಳು ನೀರಿನ ವೇಗವನ್ನು ತಗ್ಗಿಸುತ್ತವೆ, ತೇಲುವ ಕಣಗಳು ತಳಕ್ಕಿಳಿಯುತ್ತವೆ. ಪ್ರವಾಸಿ ದೋಣಿಗಳ ಲಂಗರು ಈ ಹುಲ್ಲನ್ನು ಬೇರುಸಮೇತ ಕೀಳುತ್ತಿದ್ದುದರಿಂದ 2018ರಲ್ಲಿ ಬಾಲಿಯಾರಿಕ್ ಸರ್ಕಾರ ಅದರ ರಕ್ಷಣೆಗೆಂದೇ ಆದೇಶ ಹೊರಡಿಸಿತು.

ಈ ಅಧ್ಯಾಯದ ನಾಯಕ ಮಾತ್ರ ನೀರಲ್ಲ, ಕಲ್ಲು. ಈ ಕೊಲ್ಲಿಯನ್ನು ರೂಪಿಸಿದ್ದು, ಗುಹೆ ಕೊರೆಯಲು ಒದಗಿದ್ದು, ಸತ್ತವರ ತಲೆಗೂದಲನ್ನು ಮೂರು ಸಾವಿರ ವರ್ಷ ಕಾಪಾಡಿದ್ದು, ಕಡಲಿನ ಮಟ್ಟವನ್ನು ಗುರುತು ಹಾಕಿಕೊಂಡಿದ್ದು ಎಲ್ಲವೂ ಒಂದೇ ಸುಣ್ಣಕಲ್ಲು. ಭೂಮಿಯ ಚರಿತ್ರೆ, ಮನುಷ್ಯನ ಚರಿತ್ರೆ ಎಂದು ನಾವು ಬೇರೆಬೇರೆ ಪುಸ್ತಕಗಳಲ್ಲಿ ಓದುವುದನ್ನು ಈ ಕಲ್ಲು ಒಟ್ಟಿಗೆ ಇಟ್ಟುಕೊಂಡಿದೆ.

ಜೀವಿಗಳು ಕಟ್ಟಿದ ಬಂಡೆ

ಮೆನೋರ್ಕದ ಉತ್ತರಾರ್ಧ ಬಹಳ ಹಳೆಯ, ಬಣ್ಣಬಣ್ಣದ ಶಿಲೆಗಳ ನೆಲ. ದಕ್ಷಿಣಾರ್ಧ ಅಷ್ಟೇನೂ ಹಳೆಯದಲ್ಲದ, ಬಿಳಿ-ಹಳದಿ ಸುಣ್ಣಕಲ್ಲಿನ ಚಪ್ಪಟೆ ನೆಲ. ಮಯೋಸೀನ್ ಯುಗದಲ್ಲಿ, ಅಂದರೆ ಸುಮಾರು ಒಂದು ಕೋಟಿ ವರ್ಷಗಳ ಹಿಂದೆ, ಈ ದಕ್ಷಿಣಾರ್ಧ ಆಳವಿಲ್ಲದ ಬೆಚ್ಚನೆಯ ಕಡಲಿನ ತಳವಾಗಿತ್ತು. ಚಿಪ್ಪುಜೀವಿಗಳು, ಸುಣ್ಣ ಕಟ್ಟುವ ಪಾಚಿಗಳು, ಏಕಕೋಶದ ಫೊರಾಮಿನಿಫೆರಾಗಳು ಸತ್ತು, ಅವುಗಳ ಚಿಪ್ಪಿನ ಚೂರುಗಳು ಪದರ ಪದರವಾಗಿ ಕೂಡಿ, ಬೆಸೆದುಕೊಂಡು ಕಲ್ಲಾದವು. ಸ್ಥಳೀಯರು ಇದನ್ನು ಮರೆಸ್ ಎನ್ನುತ್ತಾರೆ. ದ್ವೀಪದ ಮನೆಗಳನ್ನೂ ಕೋಟೆಗಳನ್ನೂ ಶತಮಾನಗಳಿಂದ ಕಟ್ಟಿರುವುದು ಇದರಲ್ಲೇ.

ಸುಣ್ಣಕಲ್ಲು ನೀರಿನ ಎದುರು ಸೋಲುತ್ತದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾಗುತ್ತದೆ. ಆ ನೀರು ಬಿರುಕುಗಳಲ್ಲಿ ಇಳಿಯುತ್ತಾ ಕಲ್ಲನ್ನು ಕರಗಿಸುತ್ತದೆ. ಒಳಗೆ ಗುಹೆಗಳು ಹುಟ್ಟುತ್ತವೆ, ಹೊರಗೆ ಕಣಿವೆಗಳು ಆಳವಾಗುತ್ತವೆ. ಕಾಲೆಸ್ ಕೋವೆಸ್‌ನ ಎರಡು ಕಣಿವೆಗಳೂ ಹಾಗೆ ಆದವೇ.

ಆದರೆ ಕಣಿವೆಯ ತುದಿ ಕಡಲೊಳಗೆ ಮುಳುಗಿದ್ದೇಕೆ? ಇದಕ್ಕೆ ಕಡಲು ಏರಿಳಿದ ಕಥೆ ಬೇಕು. ಮೆಡಿಟರೇನಿಯನ್‌ಗೆ ನದಿ ಮತ್ತು ಮಳೆಯಿಂದ ಬರುವ ನೀರಿಗಿಂತ ಆವಿಯಾಗಿ ಹೋಗುವ ನೀರು ಹೆಚ್ಚು. ಕಿರಿದಾದ ಕಡೆ ಕೇವಲ 14 ಕಿಲೊಮೀಟರು ಅಗಲವಿರುವ ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಅಟ್ಲಾಂಟಿಕ್ ಆ ಕೊರತೆಯನ್ನು ತುಂಬುತ್ತಿದೆ. ಸುಮಾರು 59.7 ಲಕ್ಷ ವರ್ಷಗಳ ಹಿಂದೆ ಆ ಕಡೆಯ ನೀರಿನ ಸಂಪರ್ಕ ಕ್ಷೀಣಿಸಿತು. ಮೆಡಿಟರೇನಿಯನ್ ಬತ್ತತೊಡಗಿತು, ಉಪ್ಪು ಮತ್ತು ಜಿಪ್ಸಮ್ಮಿನ ದಪ್ಪ ಪದರಗಳು ತಳದಲ್ಲಿ ಕೂತವು. 1970ರಲ್ಲಿ ‘ಗ್ಲೋಮರ್ ಚಾಲೆಂಜರ್’ ಹಡಗು ಬಾಲಿಯಾರಿಕ್ ದ್ವೀಪಗಳ ಸಮೀಪವೂ ಸೇರಿದಂತೆ ಹಲವೆಡೆ ಕಡಲತಳವನ್ನು ಕೊರೆದು ಆ ಪದರಗಳ ತುಂಡುಗಳನ್ನು ಮೇಲೆತ್ತಿತು. ಹಡಗಿನಲ್ಲಿದ್ದ ಕೆನೆತ್ ಶ್ಯೂ, ವಿಲಿಯಂ ರಯಾನ್, ಮರಿಯಾ ಬಿಯಾಂಕಾ ಚೀಟಾ ಮೊದಲಾದವರು ಅವುಗಳನ್ನು ನೋಡಿ, ಒಂದು ಸಮುದ್ರವೇ ಬತ್ತಿತ್ತು ಎಂಬ ನಂಬಲು ಕಷ್ಟವಾದ ತೀರ್ಮಾನಕ್ಕೆ ಬಂದರು. ಮಟ್ಟ ಎಷ್ಟು ಇಳಿದಿತ್ತು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಒಂದು ಕಿಲೊಮೀಟರಿಗೂ ಹೆಚ್ಚು ಎನ್ನುವವರಿದ್ದಾರೆ. 53.3 ಲಕ್ಷ ವರ್ಷಗಳ ಹಿಂದೆ ಅಟ್ಲಾಂಟಿಕ್ ಮತ್ತೆ ನುಗ್ಗಿ ಬಂದು ಸಮುದ್ರ ತುಂಬಿತು.

ಅಲ್ಲಿಂದೀಚೆಗೆ ಹಿಮಯುಗಗಳು ಬಂದು ಹೋದಂತೆಲ್ಲ ಕಡಲು ಇಳಿದು ಏರುತ್ತಲೇ ಬಂದಿದೆ. ಸುಮಾರು 20,000 ವರ್ಷಗಳ ಹಿಂದೆ ಭೂಮಿಯ ಅಪಾರ ನೀರು ಹಿಮಗಡ್ಡೆಯಾಗಿ ನೆಲದ ಮೇಲೆ ನಿಂತಿದ್ದಾಗ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರು ಕೆಳಗಿತ್ತು. ಈಗ ಕಾಲೆಸ್ ಕೋವೆಸ್‌ನಲ್ಲಿ ಜನ ಈಜುವ ಜಾಗ ಆಗ ಕಣಿವೆಯ ನೆಲ. ಹಿಮ ಕರಗಿ ಕಡಲು ಏರಿದಾಗ ಕಣಿವೆಯ ಕೆಳತುದಿ ಮುಳುಗಿತು. ಕೊಲ್ಲಿ ಎಂದು ನಾವು ನೋಡುವುದು ಹಾಗೆ ಮುಳುಗಿದ ಕಣಿವೆಯನ್ನು.

ಕೊರೆಯಲು ಒದಗಿದ ಕಲ್ಲು

ಮೆನೋರ್ಕಕ್ಕೆ ಮನುಷ್ಯರು ಬಂದು ನೆಲೆಸಿದ್ದು ಇಂದಿಗೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ. ಅವರ ಮುಂದಿನ ತಲೆಮಾರುಗಳು ಗಾರೆಯಿಲ್ಲದೆ ಬೃಹತ್ ಕಲ್ಲುಗಳನ್ನು ಪೇರಿಸಿ ತಲಯೋತ್ ಎಂಬ ಗೋಪುರಗಳನ್ನೂ, ನಿಲುವುಗಲ್ಲಿನ ಮೇಲೆ ಅಡ್ಡಗಲ್ಲಿಟ್ಟ ತಾವ್ಲ ಎಂಬ ರಚನೆಗಳನ್ನೂ ಕಟ್ಟಿದರು. ಈ ತಲಯೋಟಿಕ್ ನೆಲೆಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬದುಕಿದವರಿಗೆ ಕಲ್ಲು ಪೇರಿಸಿದ ಅದೇ ಜನ ಸತ್ತವರಿಗೆ ಕಲ್ಲು ಕೊರೆದರು.

ಕಾಲೆಸ್ ಕೋವೆಸ್‌ನ ಗುಹೆಗಳಲ್ಲಿ ಎರಡು ಬಗೆ ಎದ್ದು ಕಾಣುತ್ತವೆ. ಹಳೆಯವು ಪುಟ್ಟವು; ದುಂಡನೆಯ ಅಥವಾ ಮೊಟ್ಟೆಯಾಕಾರದ ಒಂದೇ ಕೋಣೆ, ಬಗ್ಗಿ ನುಸುಳಬೇಕಾದ ಬಾಯಿ. ನಂತರದವು ವಿಶಾಲ, ಚೌಕನೆಯ ನೆಲ, ಚಾವಣಿ ಕುಸಿಯದಂತೆ ಕಲ್ಲಿನಲ್ಲೇ ಉಳಿಸಿಕೊಂಡ ಕಂಬಗಳು, ಗೋಡೆಯಲ್ಲಿ ಗೂಡುಗಳು. ಈ ಗುಹೆಗಳನ್ನು ಕ್ರಮವಾಗಿ ದಾಖಲಿಸಿದ ಕ್ರಿಸ್ತೋಬಲ್ ವೆನಿ ಅವರ ಗ್ರಂಥ 1982ರಲ್ಲಿ ಪ್ರಕಟವಾಯಿತು. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಶುರುವಾದ ಶವಸಂಸ್ಕಾರ ಕ್ರಿ.ಪೂ. 123ರಲ್ಲಿ ರೋಮನ್ನರು ದ್ವೀಪಗಳನ್ನು ಗೆದ್ದ ಕಾಲದ ತನಕವೂ ಮುಂದುವರಿದಿತ್ತು. ಗೆದ್ದವರಿಗೂ ಈ ಜಾಗ ಪವಿತ್ರವೆನಿಸಿರಬೇಕು: ಕೋವ ದೆಲ್ಸ್ ಜುರಾತ್ಸ್ ಎಂಬ ಗುಹೆಯ ಬಳಿ ಬಂಡೆಯ ಮೇಲೆ ಅವರು ಕೊರೆದ ಲ್ಯಾಟಿನ್ ಬರಹಗಳಿವೆ. ಕೊಲ್ಲಿಯ ತಳದಲ್ಲಿ ಸಿಕ್ಕಿರುವ ಮಣ್ಣಿನ ಜಾಡಿಗಳ ಚೂರುಗಳು ವ್ಯಾಪಾರದ ಹಡಗುಗಳು ಇಲ್ಲಿ ತಂಗುತ್ತಿದ್ದವೆಂದು ಹೇಳುತ್ತವೆ.

ಉಕ್ಕಿನ ಉಪಕರಣಗಳಿಲ್ಲದ ಕಾಲದಲ್ಲಿ ಬಂಡೆಯನ್ನು ಹೀಗೆ ಕೊರೆಯಲು ಸಾಧ್ಯವಾಗಿದ್ದು ಮರೆಸ್ ಕಲ್ಲಿನ ಗುಣದಿಂದ. ಒಳಗಿನ ಕಲ್ಲು ಮೆದು, ರಂಧ್ರಮಯ, ಒದ್ದೆ. ಗಾಳಿಗೆ ತೆರೆದುಕೊಂಡಾಗ ಅದರೊಳಗಿನ ನೀರು ಕರಗಿದ ಸುಣ್ಣವನ್ನು ಹೊತ್ತು ಮೇಲ್ಮೈಗೆ ಬರುತ್ತದೆ. ನೀರು ಆರುತ್ತದೆ, ಸುಣ್ಣ ಉಳಿದು ಕಣಗಳನ್ನು ಬಿಗಿಯಾಗಿ ಬೆಸೆಯುತ್ತದೆ. ಕೊರೆಯುವಾಗ ಮೆತ್ತಗಿದ್ದದ್ದು ಕೊರೆದ ಮೇಲೆ ಗಟ್ಟಿ ತೊಗಟೆ ಕಟ್ಟಿಕೊಳ್ಳುತ್ತದೆ.

ನಮ್ಮ ಕರಾವಳಿಯವರಿಗೆ ಈ ಗುಣ ಹೊಸದಲ್ಲ. ಮುರಕಲ್ಲು ಕೂಡ ನೆಲದಿಂದ ಕೀಳುವಾಗ ಕೊಡಲಿಗೆ ಬಗ್ಗುತ್ತದೆ, ಬಿಸಿಲು ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅಲ್ಲಿ ಬೆಸೆಯುವ ಕೆಲಸ ಕಬ್ಬಿಣದ ಸಂಯುಕ್ತಗಳದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಗುಣವನ್ನು ಕಂಡೇ ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಕೇರಳದಲ್ಲೂ ಅದಕ್ಕೆ ಹೊಂದಿಕೊಂಡ ನಮ್ಮ ಕರಾವಳಿಯಲ್ಲೂ ಕಬ್ಬಿಣ ಯುಗದ ಜನ ಮುರಕಲ್ಲನ್ನು ಕೊರೆದು ಸಮಾಧಿ ಗುಹೆಗಳನ್ನು ಮಾಡಿದ್ದರು. ಅಷ್ಟು ದೂರದ ಎರಡು ಜನಸಮುದಾಯಗಳಿಗೆ ಒಂದೇ ಉಪಾಯವನ್ನು ಕಲಿಸಿಕೊಟ್ಟದ್ದು ಕಲ್ಲು.

ಸಾಮ್ಯ ಅಲ್ಲಿಗೆ ನಿಲ್ಲುತ್ತದೆ. ಮುರಕಲ್ಲಿನ ನೆಲ ಆಮ್ಲೀಯ, ಮಳೆ ವಿಪರೀತ. ಮೂಳೆಯ ಗಟ್ಟಿ ಭಾಗ ಕ್ಯಾಲ್ಸಿಯಂ ಫಾಸ್ಫೇಟಿನದು. ಆಮ್ಲದಲ್ಲಿ ಅದು ಕರಗಿ ಹೋಗುತ್ತದೆ. ಅದಕ್ಕೇ ಅಂಥ ಸಮಾಧಿಗಳಲ್ಲಿ ಮಡಕೆ, ಕಬ್ಬಿಣ ಸಿಕ್ಕರೂ ಮನುಷ್ಯರ ಮೂಳೆ ಸಿಗುವುದು ಅಪರೂಪ. ಸುಣ್ಣಕಲ್ಲಿನ ಗುಹೆಯಲ್ಲಿ ಇದು ತಿರುಗುಮುರುಗು. ಅಲ್ಲಿನ ನೀರು ಕಲ್ಲಿನಿಂದಲೇ ಬೇಕಾದಷ್ಟು ಕ್ಯಾಲ್ಸಿಯಂ ಪಡೆದಿರುತ್ತದೆ, ಆಮ್ಲತೆಯನ್ನು ಕಳೆದುಕೊಂಡಿರುತ್ತದೆ. ಮೂಳೆಯನ್ನು ಕರಗಿಸುವ ಹಸಿವು ಅದಕ್ಕಿಲ್ಲ. ಒಳಗೆ ಬಿಸಿಲಿಲ್ಲ, ತಾಪಮಾನ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಬಾಯಿಯೂ ಮುಚ್ಚಿದ್ದರೆ ಮೂಳೆಗಿಂತ ಎಷ್ಟೋ ನಾಜೂಕಾದ ವಸ್ತುಗಳು ಉಳಿಯುತ್ತವೆ.

ಕೆಂಪು ಬಣ್ಣದ ಕೂದಲು

ಕಾಲೆಸ್ ಕೋವೆಸ್‌ನ ಗುಹೆಗಳು ಸದಾ ತೆರೆದೇ ಇದ್ದವು. ದನಗಾಹಿಗಳು, ಮೀನುಗಾರರು, ನಿಧಿ ಹುಡುಕುವವರು, 20ನೇ ಶತಮಾನದ ಕೊನೆಯ ದಶಕಗಳಲ್ಲಿ ಹಿಪ್ಪಿಗಳು ಅಲ್ಲಿ ಉಳಿದು ಹೋದರು. ಹಾಗಾಗಿ ಅಲ್ಲಿ ಕಳೆದುಹೋದದ್ದು ಏನೆಂದು ತಿಳಿಯಲು ಅದೇ ದ್ವೀಪದ ಮುಚ್ಚಿದ ಗುಹೆಗಳನ್ನು ನೋಡಬೇಕು. 2005ರಲ್ಲಿ ಪತ್ತೆಯಾದ ಕೋವ ದೆಸ್ ಪಾಸ್ ಎಂಬ ಪುಟ್ಟ ಗುಹೆಯಲ್ಲಿ ಅರವತ್ತಕ್ಕೂ ಹೆಚ್ಚು ಜನರ ಅವಶೇಷಗಳು, ಅವರನ್ನು ಮಡಿಚಿ ಕಟ್ಟಿದ ಹಗ್ಗ ಮತ್ತು ತೊಗಲಿನ ಸಮೇತ ಸಿಕ್ಕವು. ಅದಕ್ಕೂ ಅಚ್ಚರಿಯದು ಎಸ್ ಕಾರಿಟ್ಶ್ ಗುಹೆ.

ಅಲ್ಜೆಂದಾರ್ ಕಣಿವೆಯ ಗೋಡೆಯಲ್ಲಿರುವ ಈ ಗುಹೆಯನ್ನು 1995ರಲ್ಲಿ ಗುಹಾನ್ವೇಷಕರು ಕಂಡುಹಿಡಿದರು. ಬಾಯಿಗೆ ಹತ್ತಿರದ ಕೋಣೆಯಲ್ಲಿ ಕ್ರಿ.ಪೂ. 1450ರ ಸುಮಾರಿನಿಂದ ಕ್ರಿ.ಪೂ. 800ರ ತನಕ 200ಕ್ಕೂ ಹೆಚ್ಚು ಜನರನ್ನು ಇರಿಸಲಾಗಿತ್ತು. ಕೆಲವರ ತಲೆಗೂದಲಿಗೆ ವಿಶೇಷ ಸಂಸ್ಕಾರ ನಡೆದಿತ್ತು. ಕೂದಲಿಗೆ ಕೆಂಪು ಬಣ್ಣ ಹಚ್ಚಿ, ಬಾಚಿ, ಒಂದು ಜೊಂಪೆಯನ್ನು ಕತ್ತರಿಸಿ, ಮರ ಅಥವಾ ಕೊಂಬಿನ ನಳಿಗೆಯೊಳಗಿಟ್ಟು ಮುಚ್ಚಳ ಹಾಕುತ್ತಿದ್ದರು. ಮುಚ್ಚಳಗಳ ಮೇಲೆ ಒಂದರೊಳಗೊಂದು ವೃತ್ತಗಳ ಕೆತ್ತನೆ. ಸುಮಾರು 2,800 ವರ್ಷಗಳ ಹಿಂದೆ ಯಾರೋ ಇಂಥ ನಳಿಗೆಗಳನ್ನೂ ಬೇರೆ ಪೂಜಾ ವಸ್ತುಗಳನ್ನೂ ಗುಹೆಯ ಒಳಗಿನ ಇನ್ನೊಂದು ಕೋಣೆಗೆ ಒಯ್ದು, ಅಡಗಿಸಿಟ್ಟು ಹೋದರು. ಹಳೆಯ ಪದ್ಧತಿಗಳು ಬದಲಾಗುತ್ತಿದ್ದ ಕಾಲವದು. ತಮ್ಮ ಸಂಸ್ಕಾರದ ವಸ್ತುಗಳು ಹಾಳಾಗದಿರಲಿ ಎಂದು ಬಯಸಿದವರ ಕೆಲಸ ಇದಿರಬೇಕು ಎಂಬುದು ಸಂಶೋಧಕರ ಊಹೆ.

ಆ ಕೂದಲನ್ನು ಪರೀಕ್ಷಿಸಿದ ಎಲಿಸಾ ಗೆರ್ರಾ-ದೋಸೆ ಮತ್ತು ಸಂಗಡಿಗರ ಪ್ರಬಂಧ 2023ರಲ್ಲಿ ಪ್ರಕಟವಾಯಿತು. ಕೂದಲು ಬೆಳೆಯುವಾಗ ರಕ್ತದಲ್ಲಿರುವ ರಾಸಾಯನಿಕಗಳು ಅಲ್ಪಪ್ರಮಾಣದಲ್ಲಿ ಅದರೊಳಗೆ ಸೇರಿಕೊಳ್ಳುತ್ತವೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವುದರಿಂದ ಅದರ ಉದ್ದವೇ ಒಂದು ಕಾಲರೇಖೆ: ಬುಡದ ಕಡೆಯದು ಇತ್ತೀಚಿನದು, ತುದಿಯ ಕಡೆಯದು ಹಳೆಯದು. ಎಳೆಗಳಲ್ಲಿ ಅಟ್ರೊಪಿನ್, ಸ್ಕೊಪೊಲಮಿನ್, ಎಫೆಡ್ರಿನ್ ಎಂಬ ಮೂರು ಆಲ್ಕಲಾಯ್ಡುಗಳು ಸಿಕ್ಕವು. ಮೊದಲೆರಡು ಬದನೆಯ ಕುಟುಂಬಕ್ಕೆ ಸೇರಿದ ಮ್ಯಾಂಡ್ರೇಕ್, ಹೆನ್‌ಬೇನ್, ದತ್ತೂರಗಳಲ್ಲಿರುವಂಥವು. ಇಲ್ಲದ್ದನ್ನು ಕಾಣಿಸಿ ಚಿತ್ತಭ್ರಮೆ ಹುಟ್ಟಿಸುತ್ತವೆ. ಎಫೆಡ್ರಿನ್ ಎಫೆಡ್ರಾ ಪೊದೆಯದು. ನಿದ್ದೆ ಆಯಾಸಗಳನ್ನು ದೂರವಿಡುತ್ತದೆ. ಇವು ಕೂದಲಿನ ಉದ್ದಕ್ಕೂ ಹರಡಿದ್ದವು. ಅಂದರೆ ಸಾಯುವ ಗಳಿಗೆಯಲ್ಲಿ ಕುಡಿಸಿದ್ದಲ್ಲ, ಹೆಚ್ಚುಕಡಿಮೆ ಒಂದು ವರ್ಷದ ಅವಧಿಯಲ್ಲಿ ಆಗಾಗ ಸೇವಿಸಿದ್ದು.

ಅಳತೆ ತಪ್ಪಿದರೆ ಈ ಗಿಡಗಳು ಕೊಲ್ಲುತ್ತವೆ. ಯಾವುದು, ಎಷ್ಟು, ಹೇಗೆ ಎಂಬುದನ್ನು ತಿಳಿದವರು ಮಾತ್ರ ಅವನ್ನು ಬಳಸಿ ಬದುಕಬಲ್ಲರು. ಆ ತಿಳಿವಳಿಕೆಯಿದ್ದ ಪೂಜಾರಿಗಳು ಅಥವಾ ವೈದ್ಯರು ಆ ಸಮುದಾಯದಲ್ಲಿದ್ದರೆಂದು ಸಂಶೋಧಕರು ಭಾವಿಸುತ್ತಾರೆ. ಅಕ್ಷರ ಬರೆಯದ ಒಂದು ಜನಾಂಗದ ಔಷಧಜ್ಞಾನ ನಮ್ಮ ತನಕ ತಲುಪಿದ್ದು ಒಂದು ಜೊಂಪೆ ಕೂದಲಿನಲ್ಲಿ. ಆ ಕೂದಲು ಉಳಿದದ್ದು ಸುಣ್ಣಕಲ್ಲಿನ ಒಣ, ಮುಚ್ಚಿದ ಕೋಣೆಯಲ್ಲಿ.

ಸುಟ್ಟ ಸುಣ್ಣದ ಸಮಾಧಿ

ಮುಂದೆ ಇದೇ ದ್ವೀಪಗಳಲ್ಲಿ ಇನ್ನೊಂದು ಪದ್ಧತಿ ಬಂತು. ನೆರೆಯ ಮಯೋರ್ಕದಲ್ಲೂ ಮೆನೋರ್ಕದಲ್ಲೂ ಕಬ್ಬಿಣ ಯುಗದ ಹಲವು ಗುಹೆಗಳಲ್ಲಿ ಮೂಳೆಗಳು ಸುಟ್ಟ ಸುಣ್ಣದಿಂದಾದ ಗಟ್ಟಿ ಮುದ್ದೆಯೊಳಗೆ ಸಿಲುಕಿಕೊಂಡಿವೆ. ಸುಣ್ಣಕಲ್ಲನ್ನು ಸುಮಾರು 800ರಿಂದ 900 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ತಾಗಿದರೆ ಅದು ಅರಳುತ್ತದೆ. ಅರಳಿದ ಸುಣ್ಣ ನಿಧಾನವಾಗಿ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮರಳಿ ಪಡೆದು ಮತ್ತೆ ಸುಣ್ಣಕಲ್ಲಾಗುತ್ತದೆ. ಮನೆಗೆ ಸುಣ್ಣ ಬಳಿದಾಗ ಗೋಡೆಯ ಮೇಲೆ ನಡೆಯುವುದೂ ಇದೇ ಕ್ರಿಯೆ.

ಈ ಸಮಾಧಿಗಳು ಕಾಲನಿರ್ಣಯ ಮಾಡುವವರಿಗೆ ಒಂದು ತೊಡಕನ್ನೂ ತೋರಿಸಿದವು. ಕಾರ್ಬನ್-14ರ ಅರ್ಧಾಯುಷ್ಯ 5,730 ವರ್ಷ. ಕೋಟಿ ವರ್ಷದ ಸುಣ್ಣಕಲ್ಲಿನಲ್ಲಿ ಅದು ಉಳಿದೇ ಇಲ್ಲ. ಗಾಳಿಯಿಂದ ಇಂಗಾಲ ಪಡೆದು ಗಟ್ಟಿಯಾದ ಸುಣ್ಣದಲ್ಲಾದರೆ ಆ ಕಾಲದ ಕಾರ್ಬನ್-14 ಇರುತ್ತದೆ. ಆದರೆ ಅದರಲ್ಲಿ ಪೂರ್ತಿ ಬೇಯದ ಕಲ್ಲಿನ ಚೂರುಗಳೂ ಬೆರೆತಿರುತ್ತವೆ. ಅವು ವಯಸ್ಸನ್ನು ಇದ್ದುದಕ್ಕಿಂತ ಹೆಚ್ಚು ಮಾಡಿ ತೋರಿಸುತ್ತವೆ. ಹಳೆಯ ಇಂಗಾಲವನ್ನೂ ಹೊಸದನ್ನೂ ಬೇರ್ಪಡಿಸಿಯೇ ಓದಬೇಕು.

ಗುಹೆಯ ಗೋಡೆಯಲ್ಲಿ ಕಡಲಿನ ಮಟ್ಟ

ಮಯೋರ್ಕದ ಕರಾವಳಿ ಗುಹೆಗಳಲ್ಲಿ ಸುಣ್ಣ ಇನ್ನೊಂದು ದಾಖಲೆಯನ್ನು ಬರೆದಿಟ್ಟಿದೆ. ಈ ಗುಹೆಗಳೊಳಗೆ ಕೊಳಗಳಿವೆ. ಅವುಗಳ ನೀರು ಬಿರುಕುಗಳ ಮೂಲಕ ಕಡಲಿನೊಂದಿಗೆ ಕೂಡಿಕೊಂಡಿರುವುದರಿಂದ ಕೊಳದ ಮಟ್ಟವೇ ಕಡಲಿನ ಮಟ್ಟ. ಚಾವಣಿಯಿಂದ ಇಳಿದ ಸುಣ್ಣದ ಕೋಲುಗಳು ಕೊಳದಲ್ಲಿ ಅದ್ದಿ ನಿಂತಿರುತ್ತವೆ. ನೀರಿನ ಮೇಲ್ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬಿಟ್ಟುಹೋಗುತ್ತದೆ. ಕರಗಿದ ಸುಣ್ಣ ಆ ಮಟ್ಟದಲ್ಲೇ ಕೋಲಿನ ಸುತ್ತ ದಪ್ಪ ಪಟ್ಟಿಯಾಗಿ ಕೂರುತ್ತದೆ. ಮೆಡಿಟರೇನಿಯನ್ನಿನಲ್ಲಿ ಭರತ ಇಳಿತಗಳ ಅಂತರ ಬಹಳ ಕಡಿಮೆಯಾದ್ದರಿಂದ ಪಟ್ಟಿಯ ಎತ್ತರ ಕಡಲಿನ ಮಟ್ಟವನ್ನು ನಿಖರವಾಗಿ ಹೇಳುತ್ತದೆ. ವಯಸ್ಸನ್ನು ಹೇಳುವುದು ಯುರೇನಿಯಂ: ಅದು ನೀರಿನಲ್ಲಿ ಕರಗಿ ಬಂದು ಸುಣ್ಣದೊಳಗೆ ಸೇರುತ್ತದೆ, ಥೋರಿಯಂ ಹಾಗೆ ಕರಗುವುದಿಲ್ಲ. ಆದ್ದರಿಂದ ಪಟ್ಟಿಯೊಳಗೆ ಈಗ ಇರುವ ಥೋರಿಯಂ ಆಮೇಲೆ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಎರಡರ ಪ್ರಮಾಣವನ್ನು ಅಳೆದರೆ ಕಾಲ ಸಿಗುತ್ತದೆ. ಹಲವು ಲಕ್ಷ ವರ್ಷ ಹಳೆಯ ಪಟ್ಟಿಗಳಿಗೆ ಈ ಲೆಕ್ಕ ಸಾಲದು; ಅಲ್ಲಿ ಯುರೇನಿಯಂ ಕ್ಷಯಿಸಿ ಕೊನೆಗೆ ಉಳಿಯುವ ಸೀಸವನ್ನು ಅಳೆಯುತ್ತಾರೆ.

ಬೊಗ್ದಾನ್ ಒನಾಕ್, ಜೋನ್ ಫೋರ್ನೋಸ್ ಮತ್ತು ಸಂಗಡಿಗರು ಈ ಪಟ್ಟಿಗಳನ್ನು ಓದುತ್ತಾ ಬಂದಿದ್ದಾರೆ. 30 ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ, ಭೂಮಿ ಇಂದಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದಾಗ, ಕಡಲು ಇಂದಿಗಿಂತ ಸುಮಾರು 16 ಮೀಟರು ಎತ್ತರದಲ್ಲಿತ್ತೆಂದು ಆರ್ತಾ ಗುಹೆಯ ಪಟ್ಟಿಗಳು ತಿಳಿಸಿದವು. ಆ ಪ್ರಬಂಧ 2019ರಲ್ಲಿ ಬಂತು. ಕಳೆದ 4,000 ವರ್ಷಗಳ ಲೆಕ್ಕ 2022ರಲ್ಲಿ ಬಂತು. ಸುಮಾರು 2,800 ವರ್ಷಗಳ ಹಿಂದಿನಿಂದ 1900ನೇ ಇಸವಿಯ ತನಕ ಇಲ್ಲಿ ಕಡಲು ಹೆಚ್ಚುಕಡಿಮೆ ಅಲುಗದೆ ನಿಂತಿತ್ತು. ಆಮೇಲಿನ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 18 ಸೆಂಟಿಮೀಟರು ಏರಿದೆ.

ಈ ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎಸ್ ಕಾರಿಟ್ಶ್‌ನಲ್ಲಿ ಯಾರೋ ಕೂದಲಿನ ನಳಿಗೆಗಳನ್ನು ಅಡಗಿಸಿಟ್ಟ ಕಾಲಕ್ಕೆ ಕಡಲು ಬಂದು ನಿಂತಿತು. ಕಾಲೆಸ್ ಕೋವೆಸ್‌ನ ವಿಶಾಲ ಗುಹೆಗಳನ್ನು ಕೊರೆದದ್ದು, ಹಡಗುಗಳು ಬಂದು ತಂಗಿದ್ದು, ರೋಮನ್ನರು ಬಂಡೆಯಲ್ಲಿ ಬರೆದದ್ದು, ಕುದುರೆ ಸವಾರರು ದಂಡೆ ಕಾದದ್ದು ಎಲ್ಲವೂ ಕಡಲು ನಿಂತಿದ್ದ ಆ ಒಂದೇ ಅವಧಿಯೊಳಗೆ ನಡೆದವು. ದಡ ಎಂದರೆ ಕದಲದ ಗೆರೆ ಎಂಬ ನಮ್ಮ ನಂಬಿಕೆ ಹುಟ್ಟಿದ್ದು ಅಂಥ ಕಾಲದಲ್ಲಿ. ಬಂದರು, ದೇವಸ್ಥಾನ, ಊರು, ಗದ್ದೆಗಳನ್ನು ಮನುಷ್ಯ ಕಡಲಂಚಿನಲ್ಲಿ ಕಟ್ಟಿದ್ದು ಅದೇ ನಂಬಿಕೆಯಿಂದ.

ಆ ಅವಧಿ ಮುಗಿದಿದೆ. 2006ರಿಂದ 2018ರ ನಡುವೆ ಜಗತ್ತಿನ ಕಡಲು ವರ್ಷಕ್ಕೆ ಸರಾಸರಿ 3.7 ಮಿಲಿಮೀಟರು ಏರಿತೆಂದು ವಿಶ್ವಸಂಸ್ಥೆಯ ಹವಾಮಾನ ವರದಿ 2021ರಲ್ಲಿ ಹೇಳಿತು. ಶತಮಾನದ ಕೊನೆಗೆ, ಇಂಗಾಲವನ್ನು ಬಿಗಿಯಾಗಿ ತಡೆದರೆ 28ರಿಂದ 55 ಸೆಂಟಿಮೀಟರು, ಮಿತಿಯಿಲ್ಲದೆ ಉಗುಳಿದರೆ 63 ಸೆಂಟಿಮೀಟರಿನಿಂದ ಒಂದು ಮೀಟರು ಏರಬಹುದೆಂದು ಅದರ ಅಂದಾಜು. ಈ ಎರಡು ಅಂಕಿಗಳ ನಡುವಿನ ಅಂತರ ನಮ್ಮ ಕೈಯಲ್ಲಿದೆ.

ಕಾಲೆಸ್ ಕೋವೆಸ್‌ಗೆ ಹೋಗುವವರಿಗೆ ಅಲ್ಲಿ ನಡೆದುಕೊಳ್ಳಬೇಕಾದ ರೀತಿ ಕಲ್ಲನ್ನು ಅರಿತರೆ ತಾನೇ ತಿಳಿಯುತ್ತದೆ. ಗುಹೆಯೊಳಗೆ ಹಚ್ಚಿದ ಒಂದು ಬೆಂಕಿ, ನೆನಪಿಗೆಂದು ಎತ್ತಿಕೊಂಡ ಒಂದು ಮಡಕೆ ಚೂರು, ಕಡಲಹುಲ್ಲಿನ ಮೇಲೆ ಇಳಿಸಿದ ಒಂದು ಲಂಗರು, ಇವೆಲ್ಲ ಸಾವಿರಾರು ವರ್ಷಗಳ ದಾಖಲೆಯಿಂದ ಹರಿದ ಹಾಳೆಗಳು. ತೆರೆದ ಗುಹೆಗಳು ಎಷ್ಟನ್ನು ಕಳೆದುಕೊಂಡವು, ಮುಚ್ಚಿದ ಗುಹೆಗಳು ಎಷ್ಟನ್ನು ಉಳಿಸಿದವು ಎಂಬುದನ್ನು ಇದೇ ದ್ವೀಪ ತೋರಿಸಿಕೊಟ್ಟಿದೆ.

ಗುಹೆಗಳ ಕಾವಲು ದೊಡ್ಡ ಕೆಲಸವೇ, ಆದರೆ ಸಾಲದು. ಸುಣ್ಣಕಲ್ಲು ಎಂದರೆ ಜೀವಿಗಳು ನೀರಿನಿಂದಲೂ ಗಾಳಿಯಿಂದಲೂ ತೆಗೆದು ಕೋಟ್ಯಂತರ ವರ್ಷ ನೆಲದಲ್ಲಿ ಕೂಡಿಟ್ಟ ಇಂಗಾಲ. ಕಲ್ಲಿದ್ದಲು, ತೈಲಗಳೂ ಜೀವಿಗಳು ಹಾಗೆ ಕೂಡಿಟ್ಟ ಇಂಗಾಲವೇ. ಅದನ್ನು ನಾವು ಎರಡು ಶತಮಾನಗಳಲ್ಲಿ ಸುಟ್ಟು ಮರಳಿ ಗಾಳಿಗೆ ಬಿಡುತ್ತಿದ್ದೇವೆ, ಕಡಲು ಏರುತ್ತಿರುವುದು ಅದರಿಂದ. ಈ ಕೊಲ್ಲಿಯ ಕೆಳಸಾಲಿನ ಗುಹೆಗಳನ್ನು ಉಳಿಸುವ ಕೆಲಸವೂ ಪ್ರಪಂಚದ ಕಡಲಂಚಿನ ಊರುಗಳನ್ನು ಉಳಿಸುವ ಕೆಲಸವೂ ಬೇರೆಬೇರೆಯಲ್ಲ. ಇಂಗಾಲವನ್ನು ನೆಲದಲ್ಲೇ ಇರಗೊಡುವುದು ಎರಡಕ್ಕೂ ಮೊದಲ ಹೆಜ್ಜೆ.